ಒಂದೇ ಕಂಪ್ಯೂಟರಿನಲ್ಲಿ ವಿಂಡೋಸೂ ಇರಲಿ, ಲಿನಕ್ಸೂ ಇರಲಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕಿದ್ದ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ, ಅಂದರೆ ಭದ್ರತೆಯ ಅಪ್‌ಡೇಟು, ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಪ್ರೊಸೆಸರಾದರೆ ಎಂಟನೆಯ ತಲೆಮಾರಿನದೋ ಅದಕ್ಕೂ ಹೊಸದೋ ಆಗಿರಬೇಕು. ಮುಂಬಯಿ ಕಡೆ ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮವರ ಹೋಟೆಲುಗಳ ಗಲ್ಲಾದ ಹಿಂದೆ ಕೂತಿರುವ ಎಷ್ಟೋ ಡೆಸ್ಕ್‌ಟಾಪುಗಳು ಆರನೆಯ, ಏಳನೆಯ ತಲೆಮಾರಿನವು. ಯಂತ್ರ ಗಟ್ಟಿಯಾಗಿದೆ, ಟ್ಯಾಲಿ ನಡೆಯುತ್ತಿದೆ, ಟ್ಯಾಲಿಗೆ ವಿಂಡೋಸೇ ಆಗಬೇಕು. ಆದರೆ ಅದೇ ವಿಂಡೋಸಿನಲ್ಲಿ ಬ್ಯಾಂಕಿನ ಸೈಟು ತೆರೆಯುವುದು ಇನ್ನು ಮೇಲೆ ಜಾಣತನವಲ್ಲ. ಇಂಥ ಕಡೆ ಡ್ಯುಯಲ್ ಬೂಟ್, ಅಂದರೆ ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆ ಇಡುವುದು, ಉಪಯೋಗಕ್ಕೆ ಬರುತ್ತದೆ. ಲೆಕ್ಕಪತ್ರಕ್ಕೆ ನೆಟ್ ಇಲ್ಲದ ವಿಂಡೋಸ್, ಹೊರಗಿನ ವ್ಯವಹಾರಕ್ಕೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ. ಟ್ಯಾಲಿಯಿಂದ ಜಿಎಸ್‌ಟಿಆರ್-1 ಎಂಬ ಮಾರಾಟದ ರಿಟರ್ನಿನ ಜೇಸನ್ ಕಡತ ತೆಗೆದು ಡಿ ಡ್ರೈವಿನಲ್ಲಿಟ್ಟು, ಲಿನಕ್ಸಿಗೆ ಬಂದು, ಬ್ರೌಸರಿನಿಂದ ಜಿಎಸ್‌ಟಿ ಪೋರ್ಟಲಿಗೆ ಏರಿಸಿದರಾಯಿತು.

ಬರೀ ಕಲಿಯುವುದಕ್ಕೆ ಲಿನಕ್ಸ್ ಬೇಕು, ಯಂತ್ರದಲ್ಲಿ 16 ಜಿಬಿ ರ‍್ಯಾಮ್ ಇದೆ ಎನ್ನುವವರು ಈ ಗೋಜಿಗೆ ಹೋಗಬೇಕಿಲ್ಲ. ವಿಂಡೋಸಿನ ಒಳಗೇ ಲಿನಕ್ಸ್ ಓಡಿಸುವ ವರ್ಚುವಲ್‌ಬಾಕ್ಸ್ ಸಾಕು. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪಿನಲ್ಲಂತೂ ಇದನ್ನು ಮಾಡಲೇಬೇಡಿ.

ಡ್ಯುಯಲ್ ಬೂಟ್‌ನಲ್ಲಿ ಎರಡು ವ್ಯವಸ್ಥೆಗಳೂ ಏಕಕಾಲಕ್ಕೆ ಓಡುವುದಿಲ್ಲ. ಯಂತ್ರ ಆನ್ ಮಾಡಿದಾಗ ಒಂದನ್ನು ಆರಿಸಿಕೊಳ್ಳುತ್ತೀರಿ, ಇನ್ನೊಂದು ಮಲಗಿರುತ್ತದೆ. ಆದರೂ ಮೂರು ವಸ್ತು ಇಬ್ಬರಿಗೂ ಸೇರಿದ್ದು: ಡಿಸ್ಕು, ಬೂಟ್ ಆಗುವ ಬಾಗಿಲು, ಮದರ್‌ಬೋರ್ಡಿನ ಗಡಿಯಾರ. ಕೈಕೊಡುವುದೆಲ್ಲ ಈ ಮೂರರಲ್ಲೇ. ಚಾಳಿನಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಖೋಲಿ ಬೇರೆ ಬೇರೆ, ಜಗಳ ನಲ್ಲಿಯ ಹತ್ತಿರ. ಹಾಗಾಗಿ ಲಿನಕ್ಸ್ ಹಾಕುವ ಕೆಲಸ ಅರ್ಧ ಗಂಟೆಯದು, ಅದಕ್ಕೆ ಮೊದಲು ವಿಂಡೋಸಿನ ಒಳಗೆ ಮಾಡಿಕೊಳ್ಳುವ ತಯಾರಿ ಅದರ ಎರಡರಷ್ಟು.

ಜಾಗ ಎಲ್ಲಿಂದ?

ಡೆಸ್ಕ್‌ಟಾಪ್ ಆದರೆ ನಮ್ಮ ಸಲಹೆ ಒಂದೇ. ಇರುವ ಡಿಸ್ಕನ್ನು ಮುಟ್ಟಬೇಡಿ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ 240 ಅಥವಾ 256 ಜಿಬಿಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಒಂದು, ಅದಕ್ಕೊಂದು ಸಾಟಾ ಡೇಟಾ ಕೇಬಲ್ ತನ್ನಿ. ಎಸ್‌ಎಸ್‌ಡಿ ಡಬ್ಬಿಯಲ್ಲಿ ಸಾಮಾನ್ಯವಾಗಿ ಕೇಬಲ್ ಇರುವುದಿಲ್ಲ, ಅದಕ್ಕಾಗಿ ಮತ್ತೊಮ್ಮೆ ಲೋಕಲ್ ಹತ್ತಿಸಬೇಡಿ. ಎಸ್‌ಎಂಪಿಎಸ್ ಎಂಬ ಪವರ್ ಡಬ್ಬಿಯಿಂದ ಬರುವ ವೈರುಗಳಲ್ಲಿ ಖಾಲಿ ಸಾಟಾ ಪವರ್ ಕನೆಕ್ಟರ್ ಇದೆಯೇ ಎಂದೂ ಹೊರಡುವ ಮೊದಲೇ ನೋಡಿಕೊಳ್ಳಿ. ಲಿನಕ್ಸ್ ಹಾಕುವಾಗ ವಿಂಡೋಸ್ ಡಿಸ್ಕಿನ ಕೇಬಲ್ ಕಳಚಿಡಿ, ಮುಗಿದ ಮೇಲೆ ಮತ್ತೆ ಚುಚ್ಚಿ.

ಕಳಚಲೇಬೇಕೇ? ಬೇಕು. ಉಬುಂಟು ಎಂಬ ಬಗೆಯ ಲಿನಕ್ಸಿನ ಹಳೆಯ ಇನ್‌ಸ್ಟಾಲರಿನಲ್ಲಿ ಬಹುಕಾಲದ ಒಂದು ದೋಷವಿದೆ, ಲಿನಕ್ಸ್ ಮಿಂಟ್ 22 ಕೂಡ ಅದೇ ಇನ್‌ಸ್ಟಾಲರನ್ನು ಬಳಸುತ್ತದೆ. ವ್ಯವಸ್ಥೆಯನ್ನು ಎಬ್ಬಿಸುವ ಪ್ರೋಗ್ರಾಂ ಆದ ಬೂಟ್‌ಲೋಡರ್ ಎರಡನೆಯ ಡಿಸ್ಕಿಗೆ ಹೋಗಲಿ ಎಂದು ನೀವು ಆರಿಸಿದರೂ ಅದು ಮೊದಲ ಡಿಸ್ಕಿನ ಇಎಫ್‌ಐ ಎಂಬ ಬೂಟ್ ವಿಭಾಗಕ್ಕೇ ಹೋಗಿ ಕೂರುತ್ತದೆ. ನಾಳೆ ಆ ಡಿಸ್ಕ್ ತೆಗೆದರೆ ಲಿನಕ್ಸೂ ಏಳುವುದಿಲ್ಲ. ಕೇಬಲ್ ಕಳಚಿದ್ದರೆ ಎರಡೂ ಡಿಸ್ಕು ತಮ್ಮ ತಮ್ಮ ಕಾಲ ಮೇಲೆ ನಿಂತಿರುತ್ತವೆ.

ಲ್ಯಾಪ್‌ಟಾಪಿನಲ್ಲಿ ಕಡ್ಡಿಯಾಕಾರದ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಎರಡನೆಯದು ಇದ್ದರೆ ಅದೂ ಆಗುತ್ತದೆ. ಅಂಗಡಿಯಲ್ಲಿ ಕೇಳುವಾಗ ಎಂ.2 ಎಂದಷ್ಟೇ ಹೇಳಿದರೆ ಸಾಲದು. ಎಂ.2 ಆಕಾರದಲ್ಲಿ ಸಾಟಾ ಕಡ್ಡಿಯೂ ಬರುತ್ತದೆ, ಎನ್‌ವಿಎಂಇ ಕಡ್ಡಿಯೂ ಬರುತ್ತದೆ. ಎನ್‌ವಿಎಂಇಗೆ ಮಾತ್ರ ಮಾಡಿದ ಸ್ಲಾಟಿನಲ್ಲಿ ಸಾಟಾ ಕಡ್ಡಿ ಕೂತರೂ ಕಾಣಿಸುವುದಿಲ್ಲ. ಉದ್ದವನ್ನೂ ನೋಡಬೇಕು: 2280 ಎಂದರೆ 80 ಮಿಲಿಮೀಟರ್, 2242 ಎಂದರೆ 42.

ಇರುವ ಒಂದೇ ಡಿಸ್ಕನ್ನು ಹಂಚುವುದಾದರೆ ಪಾರ್ಟಿಷನ್ ಮಾಡಬೇಕು. ಒಂದು ಹಾಲಿಗೆ ಪ್ಲೈವುಡ್ ಹೊಡೆದು ಎರಡು ಕೋಣೆ ಮಾಡಿಕೊಂಡ ಊರಿನವರಿಗೆ ಈ ಪದ ಹೊಸದಲ್ಲ. ಮೊದಲು ಬ್ಯಾಕಪ್. ಟ್ಯಾಲಿಯ ಡೇಟಾ ಫೋಲ್ಡರನ್ನು ಪೂರ್ತಿಯಾಗಿ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ನಕಲು ಬೇರೊಂದು ಯಂತ್ರದಲ್ಲಿ ತೆರೆಯುತ್ತದೆಯೇ ಎಂದೂ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬಬಾರದು.

ಆಮೇಲೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. 512 ಜಿಬಿ ಎಂದು ಕೊಂಡ ಡಿಸ್ಕು ಅಲ್ಲಿ ಸುಮಾರು 476 ಜಿಬಿ ಎಂದು ಕಾಣುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಂಗಡಿಯವನ ಮೋಸವಲ್ಲ. ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಆರಿಸಿ. ಅಲ್ಲಿ ಅಂಕಿ ಎಂಬಿಯಲ್ಲಿ ಕೊಡಬೇಕು: 60 ಜಿಬಿಗೆ 61440, 100 ಜಿಬಿಗೆ 102400. ಉಬುಂಟು 25 ಜಿಬಿ ಸಾಕು ಎನ್ನುತ್ತದೆ, ಆದರೆ ಒಂದು ವರ್ಷದ ಅಪ್‌ಡೇಟುಗಳು, ನಾಲ್ಕು ಪ್ರೋಗ್ರಾಂಗಳು ಸೇರಿದರೆ ಉಸಿರು ಕಟ್ಟುತ್ತದೆ. 60 ಕೊಡಿ, 100 ಇದ್ದರೆ ಯೋಚನೆಯಿಲ್ಲ. ಸಿ ಡ್ರೈವಿನಲ್ಲೂ 40 ಜಿಬಿಯಾದರೂ ಖಾಲಿ ಉಳಿಸಿ. ಬಿಡಿಸಿಕೊಂಡ ಜಾಗವನ್ನು ಅನ್‌ಅಲೊಕೇಟೆಡ್ ಆಗಿಯೇ ಬಿಡಿ, ಅದಕ್ಕೆ ಡ್ರೈವ್ ಅಕ್ಷರ ಕೊಟ್ಟು ಫಾರ್ಮ್ಯಾಟ್ ಮಾಡಬೇಡಿ.

ಇಲ್ಲೇ ಮೊದಲ ತೊಡಕು. 200 ಜಿಬಿ ಖಾಲಿಯಿದ್ದರೂ ವಿಂಡೋಸ್ ಒಮ್ಮೊಮ್ಮೆ 9 ಜಿಬಿ ಮಾತ್ರ ಬಿಟ್ಟುಕೊಡುತ್ತೇನೆ ಎನ್ನುತ್ತದೆ. ಡ್ರೈವಿನ ನಡುವೆಯೋ ಕೊನೆಗೋ ಅಲುಗಾಡಿಸಲಾಗದ ಕಡತ ಕೂತಿರುವುದೇ ಕಾರಣ: ಮಲಗುವಾಗ ವಿಂಡೋಸ್ ತನ್ನ ಸ್ಥಿತಿ ಬರೆದಿಡುವ ಹೈಬರ್ನೇಷನ್ ಕಡತ, ರ‍್ಯಾಮ್ ಸಾಲದಾಗ ಬಳಸುವ ಪೇಜ್‌ಫೈಲ್, ಸಿಸ್ಟಂ ರಿಸ್ಟೋರಿನ ಪ್ರತಿಗಳು. ರೈಲಿನ ಬೆಂಚಿನ ನಡುವೆ ಒಬ್ಬರು ಕೂತಂತೆ. ಆಚೆಗೆ ಎಷ್ಟು ಜಾಗವಿದೆಯೋ ಅಷ್ಟೇ ಸಿಗುವುದು. ಸಿಸ್ಟಂ ರಿಸ್ಟೋರ್ ಆಫ್ ಮಾಡಿ, ಪೇಜ್‌ಫೈಲ್ ತಾತ್ಕಾಲಿಕವಾಗಿ ಬೇಡ ಎನ್ನಿ, ಹೈಬರ್ನೇಷನ್ ಆಫ್ ಮಾಡಿ, ರೀಸ್ಟಾರ್ಟ್ ಆದ ಮೇಲೆ ಮತ್ತೆ ಶ್ರಿಂಕ್ ಮಾಡಿ ನೋಡಿ. ಹೈಬರ್ನೇಷನ್ ಆಫ್ ಮಾಡುವುದು ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ. ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಹೇಳುವುದಾದರೆ: ಪವರ್ ಎಂಬ ಪದಕ್ಕೆ ಅಂಟಿಸಿ ಸಿ ಎಫ್ ಜಿ, ಸ್ಪೇಸ್, ಸ್ಲ್ಯಾಶ್ ಎಚ್, ಸ್ಪೇಸ್, ಆಫ್. ಕೆಲಸವಾದ ಮೇಲೆ ಪೇಜ್‌ಫೈಲನ್ನೂ ಸಿಸ್ಟಂ ರಿಸ್ಟೋರನ್ನೂ ವಾಪಸ್ ಆನ್ ಮಾಡಿ. ಹೈಬರ್ನೇಷನ್ ಮಾತ್ರ ಆಫ್ ಆಗಿಯೇ ಇರಲಿ.

ಆರದೆ ಆರುವ ವಿಂಡೋಸ್

ಹಾಗೇಕೆ ಎಂದರೆ, 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಬಂದಿದೆ. ನೀವು ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಆರುವುದಿಲ್ಲ. ನಿಮ್ಮ ಪ್ರೋಗ್ರಾಂಗಳನ್ನು ಮುಚ್ಚಿ, ತನ್ನ ಒಳತಿರುಳನ್ನು ಇದ್ದ ಸ್ಥಿತಿಯಲ್ಲೇ ಹೈಬರ್ನೇಷನ್ ಕಡತಕ್ಕೆ ಬರೆದಿಟ್ಟು ಮಲಗುತ್ತದೆ. ಡಿಸ್ಕಿನಲ್ಲಿ ಎಲ್ಲಿ ಏನಿದೆ ಎಂಬ ಅದರ ಲೆಕ್ಕವೂ ಆ ಕಡತದಲ್ಲಿ ಸೇರಿರುತ್ತದೆ. ಈಗ ಲಿನಕ್ಸ್ ಎದ್ದು ಅದೇ ಡಿ ಡ್ರೈವಿಗೆ ಏನಾದರೂ ಬರೆಯಿತು ಎನ್ನಿ. ಮರುದಿನ ವಿಂಡೋಸ್ ಎದ್ದಾಗ ಅದರ ತಲೆಯಲ್ಲಿ ನಿನ್ನೆಯ ಲೆಕ್ಕವೇ ಇರುತ್ತದೆ, ಡಿಸ್ಕಿನ ಮೇಲೆ ಬೇರೆಯೇ ಇರುತ್ತದೆ. ಕಡತ ಕೆಡುವುದು ಹೀಗೆ.

ಲಿನಕ್ಸಿಗೆ ಇದು ಗೊತ್ತು. ಆದ್ದರಿಂದ ಹೀಗೆ ಅರೆನಿದ್ರೆಯಲ್ಲಿರುವ ಡ್ರೈವನ್ನು ಅದು ಓದಲು ಮಾತ್ರ ತೆರೆಯುತ್ತದೆ, ಇಲ್ಲವೇ ತೆರೆಯಲು ಒಪ್ಪುವುದೇ ಇಲ್ಲ. ಜೇಸನ್ ಕಡತ ಡಿ ಡ್ರೈವಿನಲ್ಲಿದೆ, 11ನೇ ತಾರೀಖು ರಿಟರ್ನ್ ತುಂಬುವ ಕೊನೆಯ ದಿನ, ಡ್ರೈವ್ ತೆರೆಯುತ್ತಿಲ್ಲ ಎಂದಾದರೆ ಮೊದಲು ಇದನ್ನೇ ಅನುಮಾನಿಸಿ. ವಿಂಡೋಸಿಗೆ ಹೋಗಿ ಶಟ್‌ಡೌನ್ ಬದಲು ರೀಸ್ಟಾರ್ಟ್ ಕೊಟ್ಟು ಲಿನಕ್ಸಿಗೆ ಬಂದರೆ ಆ ಹೊತ್ತಿಗೆ ಕೆಲಸ ನಡೆಯುತ್ತದೆ, ರೀಸ್ಟಾರ್ಟಿನಲ್ಲಿ ವಿಂಡೋಸ್ ಪೂರ್ತಿ ಆರುತ್ತದೆ. ಶಾಶ್ವತ ಪರಿಹಾರ ಹೈಬರ್ನೇಷನ್ ಆಫ್ ಮಾಡುವುದು, ಫಾಸ್ಟ್ ಸ್ಟಾರ್ಟಪ್ ಕೂಡ ಅದರ ಜೊತೆ ಹೋಗುತ್ತದೆ.

ಇಎಫ್‌ಐ ವಿಭಾಗ ಎಂದೆವಲ್ಲ, ಅದು ಬಾಗಿಲು. ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಆದ ಸಣ್ಣ ತುಂಡು, ವಿಂಡೋಸ್ ಮಾಡಿಟ್ಟದ್ದು ಸಾಮಾನ್ಯವಾಗಿ 100 ಎಂಬಿ. ಯಂತ್ರ ಆನ್ ಆದಾಗ ಯುಇಎಫ್‌ಐ ಎಂಬ ಮದರ್‌ಬೋರ್ಡಿನ ತಂತ್ರಾಂಶ ಇಲ್ಲಿಗೆ ಬಂದು ಯಾರನ್ನು ಎಬ್ಬಿಸಬೇಕು ಎಂದು ನೋಡುತ್ತದೆ. ವಿಂಡೋಸಿನ ಫೋಲ್ಡರ್ ಪಕ್ಕದಲ್ಲೇ ಉಬುಂಟುವಿನ ಫೋಲ್ಡರ್ ಕೂರುತ್ತದೆ, ಕೆಲವೇ ಎಂಬಿ ಸಾಕು. ಕರ್ನೆಲ್ಲನ್ನೂ ಅಲ್ಲೇ ಇಡುವ ಪಾಪ್ ಓಎಸ್‌ನಂಥ ಲಿನಕ್ಸುಗಳಿಗೆ 100 ಎಂಬಿ ಸಾಲದು, ಹೊಸಬರು ಅವನ್ನು ಬಿಟ್ಟು ಉಬುಂಟು 24.04 ಅಥವಾ ಮಿಂಟ್ 22 ಹಿಡಿಯುವುದೇ ಸರಿ. 4 ಜಿಬಿ ರ‍್ಯಾಮಿನ ಹಳೆಯ ಯಂತ್ರವಾದರೆ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ.

ನಿಮ್ಮ ವಿಂಡೋಸ್ ಯುಇಎಫ್‌ಐ ಬಾಗಿಲಿನಿಂದ ಬರುತ್ತಿದೆಯೋ ಹಳೆಯ ಲೆಗಸಿ ಬಾಗಿಲಿನಿಂದಲೋ ಎಂಬುದನ್ನು ಸಿಸ್ಟಂ ಇನ್ಫರ್ಮೇಷನ್ ತೆರೆದು ಬಯೋಸ್ ಮೋಡ್ ಎಂಬ ಸಾಲಿನಲ್ಲಿ ನೋಡಿ. ವಿಂಡೋಸ್ 7ರಿಂದ 10ಕ್ಕೆ ಏರಿಸಿದ ಯಂತ್ರಗಳಲ್ಲಿ ಲೆಗಸಿ ಇರುವುದುಂಟು. ಒಂದೇ ಡಿಸ್ಕಿನಲ್ಲಿ ಹಾಕುವಾಗ ಪೆನ್‌ಡ್ರೈವನ್ನೂ ಅದೇ ಬಾಗಿಲಿನಿಂದ ಎಬ್ಬಿಸಬೇಕು, ಒಬ್ಬರು ಯುಇಎಫ್‌ಐ, ಇನ್ನೊಬ್ಬರು ಲೆಗಸಿ ಆದರೆ ಮೆನುವಿನಿಂದ ಒಂದು ಇನ್ನೊಂದನ್ನು ಎಬ್ಬಿಸಲಾರದು. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಂಡರೆ ಗಾಬರಿಬೇಡ, ಹೆಸರಿನ ಮೊದಲಿಗೆ ಯುಇಎಫ್‌ಐ ಎಂದಿರುವುದು ಒಂದು ಬಾಗಿಲು, ಇಲ್ಲದ್ದು ಇನ್ನೊಂದು. ಮೆನು ತೆರೆಯುವ ಕೀಲಿ ಡೆಲ್, ಲೆನೊವೊ, ಏಸರ್‌ಗಳಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್, ಅದರ ಮದರ್‌ಬೋರ್ಡಿನಲ್ಲಿ ಎಫ್8.

ಹೊಸ ಲ್ಯಾಪ್‌ಟಾಪುಗಳಲ್ಲಿ ಬಾಗಿಲಿಗೆ ಒಂದು ಬೀಗವೂ ಇರುತ್ತದೆ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ ಕೆಳಗೆ ಡಿವೈಸ್ ಎನ್‌ಕ್ರಿಪ್ಷನ್ ನೋಡಿ, ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಯಲ್ಲಿಡುವುದು ಅದು. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದವರಲ್ಲಿ ಅದು ಕೇಳದೆಯೇ ಆನ್ ಆಗಿರಬಹುದು. ಅದು ಆನ್ ಇದ್ದಾಗ ಸೆಕ್ಯೂರ್ ಬೂಟ್ (ಸಹಿಯಿಲ್ಲದ ಬೂಟ್‌ಲೋಡರನ್ನು ತಡೆಯುವ ಸೌಲಭ್ಯ) ಅಥವಾ ಬೂಟ್ ಕ್ರಮ ಬದಲಾಯಿಸಿದರೆ ಟಿಪಿಎಂ ಚಿಪ್ಪಿಗೆ ಅನುಮಾನ ಬಂದು ಬಿಟ್‌ಲಾಕರ್ ಎಂಬ ಈ ಬೀಗದ ನೀಲಿ ಪರದೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನ ಪುಟದಲ್ಲಿದೆ. ಅದನ್ನು ಮೊದಲೇ ಕಾಗದದ ಮೇಲೆ ಬರೆದಿಡಿ. ಅದೇ ಲ್ಯಾಪ್‌ಟಾಪಿನಲ್ಲಿ ನೋಟ್‌ಪ್ಯಾಡಿನಲ್ಲಿ ಇಟ್ಟುಕೊಂಡವರು ಉಂಟು, ಅದರಿಂದ ಪ್ರಯೋಜನವಿಲ್ಲ. ಮನೆಯಲ್ಲೇ ಕೂತಿರುವ ಯಂತ್ರದಲ್ಲಿ ಈ ಬೀಗ ತೆಗೆದುಬಿಟ್ಟರೆ ಸುಲಭ. ದಿನಾ ವಿರಾರ್ ಲೋಕಲ್ಲಿನಲ್ಲಿ ಚೀಲದಲ್ಲಿ ಹೊತ್ತು ತಿರುಗುವ ಲ್ಯಾಪ್‌ಟಾಪಿನಲ್ಲಿ ಬೀಗ ಇರಲೇಬೇಕು. ಲಿನಕ್ಸ್ ಹಾಕುವ ದಿನ ಮಾತ್ರ ಸಸ್ಪೆಂಡ್ ಮಾಡಿ, ಶ್ರಿಂಕ್ ಮಾಡುವುದನ್ನು ವಿಂಡೋಸಿನ ಒಳಗಿನಿಂದಲೇ ಮಾಡಿ.

ಹಾಕುವುದು

ಉಬುಂಟು 24.04 ಹಾಕಲು ಇಳಿಸಿಕೊಳ್ಳುವ ಐಎಸ್‌ಓ ಕಡತ ಸುಮಾರು 6 ಜಿಬಿ, ಆದ್ದರಿಂದ 8 ಜಿಬಿಯ ಪೆನ್‌ಡ್ರೈವ್ ಕನಿಷ್ಠ. ರೂಫಸ್ ಎಂಬ ಸಣ್ಣ ಪ್ರೋಗ್ರಾಂನಿಂದ ಬರೆಯಿರಿ, ಯುಇಎಫ್‌ಐ ಯಂತ್ರಕ್ಕೆ ಪಾರ್ಟಿಷನ್ ಸ್ಕೀಂ ಜಿಪಿಟಿ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ. ಬರೆದಾದ ಮೇಲೆ ಅದರಿಂದ ಬೂಟ್ ಮಾಡಿ, ಕೂಡಲೇ ಇನ್‌ಸ್ಟಾಲ್ ಒತ್ತದೆ ಹತ್ತು ನಿಮಿಷ ಹಾಗೇ ಬಳಸಿ ನೋಡಿ: ವೈಫೈ ಬರುತ್ತದೆಯೇ, ಸದ್ದು ಬರುತ್ತದೆಯೇ, ಪ್ರಿಂಟರ್ ಸಿಗುತ್ತದೆಯೇ. ವೈಫೈ ಬರದಿದ್ದರೆ ಫೋನನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿ, ಡ್ರೈವರ್ ಇಳಿಸಿಕೊಳ್ಳುವಷ್ಟು ನೆಟ್ ಸಿಗುತ್ತದೆ.

ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಹೆಚ್ಚಾಗಿ ಇಂಟೆಲ್ ಆರ್‌ಎಸ್‌ಟಿ ಎಂಬ ಡಿಸ್ಕ್ ನಿಯಂತ್ರಣ ಆನ್ ಇರುತ್ತದೆ. ಬಯೋಸಿನಲ್ಲಿ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ, ಅದನ್ನು ಎಎಚ್‌ಸಿಐ ಎಂಬ ಸಾದಾ ವಿಧಾನಕ್ಕೆ ಬದಲಿಸಬೇಕು. ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ಕೂರುತ್ತದೆ. ಮುಂದಿನ ಬೂಟ್ ಸೇಫ್ ಮೋಡಿನಲ್ಲಿ ಆಗುವಂತೆ ವಿಂಡೋಸಿಗೆ ಮೊದಲು ಹೇಳಿಟ್ಟು, ಆಮೇಲೆ ಬಯೋಸಿನಲ್ಲಿ ಬದಲಿಸಿ, ಒಮ್ಮೆ ಸೇಫ್ ಮೋಡಿನಲ್ಲಿ ಎದ್ದ ಮೇಲೆ ಮಾಮೂಲಿಗೆ ಮರಳಿ.

ಡಿಸ್ಕ್ ಕೇಳುವ ಪುಟದಲ್ಲಿ ನಿಧಾನಿಸಿ. ವಿಂಡೋಸ್ ಪಕ್ಕದಲ್ಲಿ ಹಾಕು ಎಂಬ ಆಯ್ಕೆ ಕಂಡರೆ ಅದನ್ನೇ ಒತ್ತಿ. ಎರೇಸ್ ಡಿಸ್ಕ್ ಎಂದಿರುವುದು ಆ ಡಿಸ್ಕಿನಲ್ಲಿರುವ ವಿಂಡೋಸ್, ಟ್ಯಾಲಿ, ಮದುವೆಯ ಫೋಟೋ ಎಲ್ಲವನ್ನೂ ಗುಡಿಸುತ್ತದೆ. ಕೇಬಲ್ ಕಳಚಿ ಹೊಸ ಎಸ್‌ಎಸ್‌ಡಿ ಒಂದನ್ನೇ ಇಟ್ಟವರಿಗೆ ಮಾತ್ರ ಅದು ನಿರಪಾಯ. ಕೈಯಾರೆ ಮಾಡುವುದಾದರೆ ಖಾಲಿ ಜಾಗ ಆರಿಸಿ, ಇಎಕ್ಸ್‌ಟಿ4 ಎಂದು, ಮೌಂಟ್ ಪಾಯಿಂಟ್ ಒಂದು ಸ್ಲ್ಯಾಶ್ ಎಂದು ಕೊಡಿ. ಇರುವ ಇಎಫ್‌ಐ ವಿಭಾಗವನ್ನು ಬಳಸಿ, ಫಾರ್ಮ್ಯಾಟ್ ಎಂಬ ಟಿಕ್ ಮಾತ್ರ ಹಾಕಬೇಡಿ. ಹಾಕಿದರೆ ವಿಂಡೋಸಿನ ಬಾಗಿಲೇ ಹೋಯಿತು. ನಿಮ್ಮ ಕಡತಗಳಿರುವ ಹೋಮ್ ಫೋಲ್ಡರಿಗೆ ಬೇರೆ ವಿಭಾಗ ಮಾಡಿ ಎಂದು ಹೇಳುವವರಿದ್ದಾರೆ. 100 ಜಿಬಿಯಲ್ಲಿ ಅದನ್ನು ಮಾಡಿದರೆ ಒಂದು ಕಡೆ ತುಂಬಿ ಇನ್ನೊಂದು ಕಡೆ ಖಾಲಿ ಬೀಳುತ್ತದೆ, ಅಷ್ಟೇ. ವಿಂಡೋಸಿನ ಪೇಜ್‌ಫೈಲಿನಂಥ ಸ್ವ್ಯಾಪ್ ಕಡತವನ್ನು ಉಬುಂಟು ತಾನೇ ಮಾಡಿಕೊಳ್ಳುತ್ತದೆ.

ಸೆಕ್ಯೂರ್ ಬೂಟ್ ಆನ್ ಇದ್ದು ಎನ್‌ವಿಡಿಯಾ ಮುಂತಾದ ಹೊರಗಿನ ಡ್ರೈವರ್ ಬೇಕು ಎಂದಿದ್ದರೆ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆಯೊಂದು ಬಂದು ಹತ್ತು ಸೆಕೆಂಡ್ ಎಣಿಸುತ್ತದೆ. ಅಷ್ಟರೊಳಗೆ ಯಾವುದಾದರೂ ಕೀಲಿ ಒತ್ತಿ, ಎನ್‌ರೋಲ್ ಮೋಕ್ ಆರಿಸಿ, ಆ ಪಾಸ್‌ವರ್ಡ್ ಕೊಡಬೇಕು. ಚಹಾ ಕುಡಿಯಲು ಎದ್ದುಹೋದರೆ ಪರದೆ ತಾನಾಗಿ ಮಾಯವಾಗುತ್ತದೆ, ಡ್ರೈವರ್ ಲೋಡ್ ಆಗುವುದಿಲ್ಲ, ಏಕೆಂದು ಯಾರೂ ಹೇಳುವುದಿಲ್ಲ.

ಐದೂವರೆ ಗಂಟೆಯ ತಕರಾರು

ರಾತ್ರಿ 9ಕ್ಕೆ ಲಿನಕ್ಸಿನಿಂದ ವಿಂಡೋಸಿಗೆ ಬಂದರೆ ಗಡಿಯಾರ ಮಧ್ಯಾಹ್ನ 3.30 ತೋರಿಸುತ್ತದೆ. ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಯುಟಿಸಿ ಸಮಯ ಇಡುತ್ತದೆ, ಭಾರತದ ಸಮಯಕ್ಕಿಂತ ಅದು ಐದೂವರೆ ಗಂಟೆ ಹಿಂದೆ. ವಿಂಡೋಸ್ ಅದನ್ನೇ ಊರಿನ ಸಮಯ ಎಂದುಕೊಳ್ಳುತ್ತದೆ. ನೆಟ್ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ನಾವು ವಿಂಡೋಸಿಗೆ ನೆಟ್ಟೇ ಕೊಟ್ಟಿಲ್ಲವಲ್ಲ, ಹಾಗಾಗಿ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಹೋಟೆಲು ಬಾಗಿಲು ಹಾಕುವ ರಾತ್ರಿ 12.30ಕ್ಕೆ ಅದರ ಪ್ರಕಾರ ಇನ್ನೂ ಹಿಂದಿನ ದಿನದ ಸಂಜೆ 7. ಬಿಲ್ಲಿನ ಮೇಲೆ ತಾರೀಖೇ ಬೇರೆ ಬೀಳುತ್ತದೆ.

ಲಿನಕ್ಸಿನ ಟರ್ಮಿನಲ್ಲಿನಲ್ಲಿ ಒಂದೇ ಸಾಲು: ಟೈಮ್‌ಡೇಟ್‌ಸಿಟಿಎಲ್, ಸ್ಪೇಸ್, ಸೆಟ್-ಲೋಕಲ್-ಆರ್‌ಟಿಸಿ, ಸ್ಪೇಸ್, 1. ಆಮೇಲೆ ಲಿನಕ್ಸೂ ಊರಿನ ಸಮಯವನ್ನೇ ಇಡುತ್ತದೆ. ಲಿನಕ್ಸ್ ಇದಕ್ಕೊಂದು ಎಚ್ಚರಿಕೆ ತೋರಿಸುತ್ತದೆ, ಅದು ಬೇಸಿಗೆಗೆ ಗಡಿಯಾರ ತಿರುಗಿಸುವ ದೇಶಗಳಿಗೆ, ನಮಗೆ ಬಾಧಕವಿಲ್ಲ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆಯಲ್ಲದೆ ಇಸವಿಯೇ ಹಿಂದೆ ಹೋಗಿದ್ದರೆ ಕಾರಣ ಬೇರೆ: ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದೆ, ಬದಲಿಸಿ.

ಯಾವ ವ್ಯವಸ್ಥೆ ಬೇಕೆಂದು ಕೇಳುವ ಮೆನು ಬರದೆ ನೇರ ವಿಂಡೋಸೇ ಎದ್ದರೆ ಲಿನಕ್ಸ್ ಅಳಿದಿಲ್ಲ, ಸರತಿಯಲ್ಲಿ ವಿಂಡೋಸ್ ಮುಂದೆ ನಿಂತಿದೆ. ಬಯೋಸಿನ ಬೂಟ್ ಕ್ರಮದಲ್ಲಿ ಉಬುಂಟುವನ್ನು ಮೇಲೆ ತನ್ನಿ. ಅವಸರವಿದ್ದರೆ ವಿಂಡೋಸಿನಲ್ಲಿ ಶಿಫ್ಟ್ ಒತ್ತಿಕೊಂಡು ರೀಸ್ಟಾರ್ಟ್ ಕೊಟ್ಟು, ಯೂಸ್ ಎ ಡಿವೈಸ್ ಒಳಗೆ ಉಬುಂಟು ಆರಿಸಿ. ಮೆನು ಬಂದು ಅದರಲ್ಲಿ ವಿಂಡೋಸೇ ಇಲ್ಲದಿದ್ದರೆ, ಆ ಮೆನು ತೋರಿಸುವ ಬೂಟ್‌ಲೋಡರ್ ಗ್ರಬ್, 2021ರ ಅದರ 2.06ನೇ ಆವೃತ್ತಿಯಿಂದ ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಸುಮ್ಮನಿರುವಂತೆ ಮಾಡಿದ್ದೇ ಕಾರಣ. ಗ್ರಬ್‌ನ ಸೆಟ್ಟಿಂಗ್ ಕಡತದಲ್ಲಿ ಅದನ್ನು ಆನ್ ಮಾಡಿ ಅಪ್‌ಡೇಟ್-ಗ್ರಬ್ ಕೊಡಿ.

ಬಾಗಿಲು ಇಬ್ಬರಿಗೂ ಸೇರಿದ್ದರಿಂದ ಒಬ್ಬರ ರಿಪೇರಿ ಇನ್ನೊಬ್ಬರನ್ನು ಹೊರಗೆ ನಿಲ್ಲಿಸುವುದೂ ಇದೆ. 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಹಳೆಯ ಬೂಟ್‌ಲೋಡರುಗಳನ್ನು ತಡೆಯಲು ಹೊರಟು, ಸೆಕ್ಯೂರ್ ಬೂಟ್ ಆನ್ ಇದ್ದ ಅನೇಕ ಯಂತ್ರಗಳಲ್ಲಿ ಲಿನಕ್ಸ್ ಏಳದಂತೆ ಮಾಡಿತು. ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಲಿನಕ್ಸ್ ಏಳುತ್ತಿತ್ತು, ಒಳಗೆ ಹೋಗಿ ಸರಿಮಾಡಿಕೊಳ್ಳಬಹುದಿತ್ತು. ಇನ್‌ಸ್ಟಾಲ್ ಆದ ಮೇಲೂ ಆ ಪೆನ್‌ಡ್ರೈವನ್ನು ಹಾಡು ತುಂಬಿಸಿಕೊಳ್ಳಲು ಬಳಸದೆ ತೆಗೆದಿಡಿ ಎನ್ನುವುದು ಇದಕ್ಕೇ.

ಕನ್ನಡದ ಕೆಲಸ

ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಪ್ರಬಂಧ ಬರೆಯುವವರಿಗೂ ಸಂಘದ ಸ್ಮರಣಸಂಚಿಕೆ ತಿದ್ದುವವರಿಗೂ ಇದು ಮುಖ್ಯ. ನುಡಿ ತಂತ್ರಾಂಶದ ಹಳೆಯ ಕಡತಗಳು ಯುನಿಕೋಡಿನಲ್ಲಿಲ್ಲ, ಅವು ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಮುಖವಾಡ ತೊಡಿಸಿದವು. ನುಡಿ ಫಾಂಟ್ ಇಲ್ಲದ ಲಿನಕ್ಸಿನಲ್ಲಿ ತೆರೆದರೆ 'ಕನ್ನಡ' ಎಂಬ ಪದ ಪಿ, ಪೌಂಡಿನ ಗುರುತು, ಕ್ಯೂ, ನಡುವೆ ತಲೆಯ ಮೇಲೆ ಗೀರಿರುವ ಎ ಮುಂತಾಗಿ ಕಾಣುತ್ತದೆ. ಕಡತ ಕೆಟ್ಟಿಲ್ಲ, ಸೇವ್ ಮಾಡದೆ ಮುಚ್ಚಿ. ಯುನಿಕೋಡಿಗೆ ಪರಿವರ್ತಿಸುವವರೆಗೆ ಅವುಗಳ ಜಾಗ ವಿಂಡೋಸಿನಲ್ಲೇ.

ನುಡಿಯ ಕೀಲಿಮಣೆಗೆ ಕೈ ಪಳಗಿದವರು ಲಿನಕ್ಸಿನಲ್ಲಿ ಐಬಸ್-ಎಂ17ಎನ್ ಹಾಕಿಕೊಂಡು, ಇನ್‌ಪುಟ್ ಸೋರ್ಸ್‌ನಲ್ಲಿ ಕನ್ನಡ ಕೆಜಿಪಿ ಆರಿಸಿದರೆ ಅದೇ ವಿನ್ಯಾಸ ಸಿಗುತ್ತದೆ. ಯುನಿಕೋಡ್ ಕಡತಗಳಲ್ಲೂ ಒಂದು ಕಿರಿಕಿರಿ ಇದೆ: ತುಂಗಾ, ನಿರ್ಮಲಾ ಫಾಂಟುಗಳು ವಿಂಡೋಸಿನವು. ಲಿನಕ್ಸಿನ ಬರವಣಿಗೆ ಪ್ರೋಗ್ರಾಂ ಲಿಬ್ರೆಆಫೀಸಿನಲ್ಲಿ ತೆರೆದಾಗ ಬೇರೆ ಫಾಂಟ್ ಬಂದು ಸಾಲುಗಳು ಜಾರುತ್ತವೆ, ಪುಟಸಂಖ್ಯೆ ಬದಲಾಗುತ್ತದೆ, ಪರಿವಿಡಿ ತಪ್ಪುತ್ತದೆ. ನೋಟೋ ಸೆರಿಫ್ ಕನ್ನಡ ಎಂಬ ಉಚಿತ ಫಾಂಟನ್ನು ಎರಡೂ ಕಡೆ ಹಾಕಿ, ಮೊದಲ ಪುಟದಿಂದಲೇ ಅದರಲ್ಲಿ ಬರೆಯಿರಿ. ಮುದ್ರಣಕ್ಕೆ ಹೋಗುವಾಗ ಪಿಡಿಎಫ್ ಒಂದೇ ಕಡೆಯಿಂದ ತೆಗೆಯಿರಿ.

ತೆಗೆಯಬೇಕೆನಿಸಿದರೆ

ಕ್ರಮ ತಪ್ಪಬಾರದು. ಮೊದಲು ಬಯೋಸಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲೆ ತನ್ನಿ, ವಿಂಡೋಸ್ ನೇರ ಏಳುತ್ತದೆಯೇ ನೋಡಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಹೆಸರಿಲ್ಲದೆ ಕಾಣುವ ಲಿನಕ್ಸ್ ವಿಭಾಗವನ್ನು ಗಾತ್ರದಿಂದ ಗುರುತಿಸಿ ಅಳಿಸಿ, ಸಿ ಡ್ರೈವನ್ನು ಎಕ್ಸ್‌ಟೆಂಡ್ ಮಾಡಿ. ಹೆಸರಿಲ್ಲದ ಇನ್ನೊಂದು ಸಣ್ಣ ವಿಭಾಗ ವಿಂಡೋಸಿನ ರಿಕವರಿ, ಅದನ್ನು ಬಿಟ್ಟುಬಿಡಿ. ತಿರುವುಮುರುವು ಮಾಡಿ ಲಿನಕ್ಸನ್ನು ಮೊದಲೇ ಅಳಿಸಿದರೆ ಮುಂದಿನ ಸಲ ಕಪ್ಪು ಪರದೆಯ ಮೇಲೆ ಗ್ರಬ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಮಿನುಗುವ ಕರ್ಸರ್ ಮಾತ್ರ ಇರುತ್ತದೆ. ಆಗಲೂ ಎಫ್12 ಒತ್ತಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿದರೆ ಒಳಗೆ ಹೋಗಬಹುದು. ಇಎಫ್‌ಐ ವಿಭಾಗದಲ್ಲಿ ಉಬುಂಟುವಿನ ಫೋಲ್ಡರ್ ಉಳಿದಿರುತ್ತದೆ. ಕೆಲವೇ ಎಂಬಿ, ಅಲ್ಲೇ ಬಿದ್ದಿರಲಿ.